ಸೌಕರ್ಯ ಮತ್ತು ಉಪಚಾರ: ವಿಮಾನನಿಲ್ದಾಣದಲ್ಲಿ ಅತಿಥಿಧರ್ಮದ ಪ್ರಶ್ನೆ

ದೇವಪೂಜೆಯ ಹದಿನಾರು ಅಂಗಗಳನ್ನು, ಅಂದರೆ ಷೋಡಶೋಪಚಾರಗಳನ್ನು, ಒಂದೊಂದಾಗಿ ಗಮನಿಸುತ್ತ ಹೋದರೆ ಅವು ದೂರದಿಂದ ದಣಿದು ಬಂದ ಮನುಷ್ಯನೊಬ್ಬನಿಗೆ ಮನೆಯವರು ಮಾಡುವ ಆರೈಕೆಯ ಕ್ರಮವೇ ಆಗಿವೆ ಎಂಬುದು ತಾನಾಗಿ ತಿಳಿಯುತ್ತದೆ. ಬರಮಾಡಿಕೊಳ್ಳುವ ಆವಾಹನ, ಕೂರಿಸುವ ಆಸನ, ಕಾಲಿಗೆ ನೀರು ಕೊಡುವ ಪಾದ್ಯ, ಕೈಗೆ ನೀರು ಕೊಡುವ ಅರ್ಘ್ಯ, ಬಾಯಿಗೆ ಗುಟುಕು ನೀರಾದ ಆಚಮನ, ಆಮೇಲೆ ಸ್ನಾನ, ಉಡಲು ವಸ್ತ್ರ, ಗಂಧ, ಹೂವು, ದೀಪ, ಉಣ್ಣಲು ನೈವೇದ್ಯ, ಕೊನೆಗೆ ನಮಸ್ಕಾರ ಮತ್ತು ಬೀಳ್ಕೊಡುಗೆ. ಬಂದವನನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಹೇಳುತ್ತದೆ. ಪೂಜಾವಿಧಿಯಾದರೋ ಅದೇ ಮಾತನ್ನು ತಿರುಗಿಸಿ ದೇವರನ್ನು ಮನೆಗೆ ಬಂದವನೆಂದು ಭಾವಿಸುತ್ತದೆ. ಇವೆರಡರ ನಡುವೆ ಇರುವ ಸಾಮಾನ್ಯ ಪದವೇ ಉಪಚಾರ. ‘ಉಪ’ ಎಂದರೆ ಹತ್ತಿರ, ‘ಚಾರ’ ಎಂದರೆ ನಡೆ. ಹತ್ತಿರಕ್ಕೆ ಬಂದು ನಡೆದುಕೊಳ್ಳುವ ರೀತಿಯೇ ಉಪಚಾರ.

ಈ ಪದದ ಪಕ್ಕದಲ್ಲಿ ‘ಸೌಕರ್ಯ’ ಎಂಬ ಇನ್ನೊಂದು ಪದವನ್ನಿಟ್ಟು ನೋಡಬೇಕು. ಸುಕರ ಎಂದರೆ ಸುಲಭವಾಗಿ ಮಾಡಬಹುದಾದದ್ದು, ಆ ಸುಲಭತೆಯ ಭಾವವೇ ಸೌಕರ್ಯ. ಉಪಚಾರಕ್ಕೆ ಹತ್ತಿರ ಬರುವ ಇನ್ನೊಬ್ಬ ಮನುಷ್ಯ ಬೇಕು. ಸೌಕರ್ಯಕ್ಕೆ ಅಂಥವನು ಬೇಕಾಗಿಲ್ಲ, ಕೆಲಸ ಸಲೀಸಾದರೆ ಸಾಕು. ಇಂದಿನ ದೊಡ್ಡ ಅಂತರರಾಷ್ಟ್ರೀಯ ವಿಮಾನನಿಲ್ದಾಣಗಳು ಪ್ರಯಾಣಿಕನ ಮುಂದಿಡುವ ಪಟ್ಟಿಯಲ್ಲಿ ಆಸನ, ನೀರು, ಸ್ನಾನ, ಬೆಳಕು, ಆಹಾರ, ಹೂವಿನ ತೋಟ, ಪ್ರಾರ್ಥನೆಯ ಕೋಣೆ ಎಲ್ಲವೂ ಇದ್ದು, ಆ ಪಟ್ಟಿ ಷೋಡಶೋಪಚಾರದ ಪಟ್ಟಿಯನ್ನು ಬಹುಮಟ್ಟಿಗೆ ಹೋಲುತ್ತದೆಯಾದರೂ ಅದರ ತಲೆಬರಹದಲ್ಲಿರುವುದು ಸೌಕರ್ಯವೆಂಬ ಪದ. ಆತಿಥ್ಯ ನೀಡುವ ಮನುಷ್ಯನಿಲ್ಲದೆ ಆತಿಥ್ಯದ ಅಂಗಗಳೆಲ್ಲ ಒದಗಿದರೆ ಅದು ಆತಿಥ್ಯವಾಗುತ್ತದೆಯೇ, ಅಥವಾ ಧರ್ಮದ ಪರಿಭಾಷೆ ಅಲ್ಲಿಗೆ ಅನ್ವಯಿಸುವುದೇ ಇಲ್ಲವೇ ಎಂಬುದು ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ಪ್ರಶ್ನೆ. ಇದನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ನಿಲ್ದಾಣವನ್ನು ಕಣ್ಣೆದುರು ಇಟ್ಟುಕೊಂಡು ಚರ್ಚಿಸುವುದು ಲೇಸು. ಪೂರ್ವದಿಕ್ಕಿಗೆ ಹೋಗುವ ಕನ್ನಡಿಗರಲ್ಲಿ ಅನೇಕರು ವಿಮಾನ ಬದಲಿಸಲು ಗಂಟೆಗಟ್ಟಲೆ ಕಾಯುವ ಸಿಂಗಾಪುರದ ಚಾಂಗಿ ವಿಮಾನನಿಲ್ದಾಣ ಅದಕ್ಕೆ ತಕ್ಕುದಾಗಿದೆ.

ಚಾಂಗಿ 1981ರಲ್ಲಿ ತೆರೆದ ನಿಲ್ದಾಣ. ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲೆ ಅದರ ಬಹುಭಾಗ ನಿಂತಿದೆ. ಎರಡನೆಯ ಟರ್ಮಿನಲ್ 1990ರಲ್ಲಿ, ಮೂರನೆಯದು 2008ರಲ್ಲಿ, ನಾಲ್ಕನೆಯದು 2017ರಲ್ಲಿ ಬಳಕೆಗೆ ಬಂದವು. 2019ರಲ್ಲಿ ಅದರ ಮೂಲಕ ಹಾದುಹೋದವರ ಸಂಖ್ಯೆ 6 ಕೋಟಿ 83 ಲಕ್ಷ. ಮೊದಲ ಮೂರು ಟರ್ಮಿನಲ್‌ಗಳ ನಡುವೆ ಸ್ಕೈಟ್ರೈನ್ ಎಂಬ ಚಾಲಕನಿಲ್ಲದ ಚಿಕ್ಕ ರೈಲು ಓಡುತ್ತದೆ, ನಡೆದುಹೋಗಲೂ ದಾರಿಯಿದೆ. ನಾಲ್ಕನೆಯದು ಸ್ವಲ್ಪ ದೂರದಲ್ಲಿರುವುದರಿಂದ ಅಲ್ಲಿಗೆ ಬಸ್ಸು ಹಿಡಿಯಬೇಕು. ಮೊದಲ ಮೂರರಲ್ಲಿ ಕೈಚೀಲದ ತಪಾಸಣೆ ವಿಮಾನ ಹತ್ತುವ ಗೇಟಿನ ಬಾಗಿಲಲ್ಲೇ ನಡೆಯುವುದರಿಂದ, ಬದಲಿ ವಿಮಾನಕ್ಕಾಗಿ ಕಾಯುವವನು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಚೀಲ ಬಿಚ್ಚಿ ತೋರಿಸದೆ ಓಡಾಡಬಹುದು. ಇದು ಚಿಕ್ಕ ಸಂಗತಿಯಂತೆ ಕಂಡರೂ, ಬಂದವನನ್ನು ಹೆಜ್ಜೆಹೆಜ್ಜೆಗೆ ಶಂಕಿಸದಿರುವುದೂ ಅರ್ಘ್ಯಪಾದ್ಯಗಳಷ್ಟೇ ಮುಖ್ಯವಾದ ಸತ್ಕಾರ ಎಂಬುದನ್ನು ಮರೆಯಬಾರದು.

ಉಪಚಾರಗಳ ಕ್ರಮದಲ್ಲೇ ನೋಡಿದರೆ ಆಸನಕ್ಕೆ ಅಲ್ಲಿ ಸಾಮಾನ್ಯ ಕುರ್ಚಿಗಳಲ್ಲದೆ ಕಾಲು ಚಾಚಿ ಒರಗುವ ಆಸನಗಳುಳ್ಳ ವಿಶ್ರಾಂತಿಯ ತಾಣಗಳಿವೆ, ಅವುಗಳಿಗೆ ಹಣವಿಲ್ಲ. ಪಾದ್ಯದ ಜಾಗದಲ್ಲಿ ಕಾಲನ್ನು ಒತ್ತುವ ಯಂತ್ರಗಳಿವೆ, ಅವೂ ಉಚಿತ. ಕುಡಿಯುವ ನೀರಿನ ನಲ್ಲಿಗಳು ಟರ್ಮಿನಲ್‌ಗಳ ಉದ್ದಕ್ಕೂ ಸಿಗುತ್ತವೆ. ಸ್ನಾನಕ್ಕೆ ವ್ಯವಸ್ಥೆಯಿದೆ, ಆದರೆ ಹಣ ಕೊಡಬೇಕು. ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಮಲಗುವ ಕೋಣೆಗೂ ಹಾಗೆಯೇ. ಪುಷ್ಪದ ಜಾಗದಲ್ಲಿ ತೋಟಗಳಿವೆ. ಮೂರನೆಯ ಟರ್ಮಿನಲ್‌ನ ಚಿಟ್ಟೆಗಳ ತೋಟಕ್ಕೆ ವಿಮಾನಕ್ಕಾಗಿ ಕಾಯುವವರು ಯಾರು ಬೇಕಾದರೂ ಹೋಗಬಹುದು. ಒಂದನೆಯ ಟರ್ಮಿನಲ್‌ನ ಹೊರಡುವ ಸಭಾಂಗಣದಲ್ಲಿ 1,216 ಲೋಹದ ಹನಿಗಳು ತೆಳ್ಳನೆಯ ತಂತಿಗಳಲ್ಲಿ ತೂಗುತ್ತ ನಿಧಾನವಾಗಿ ಏರಿಳಿದು ಮಳೆಯ ರೂಪ ತಾಳುವ ಕಲಾಕೃತಿಯಿದೆ. ನೈವೇದ್ಯ ಮಾತ್ರ ಪೂರ್ತಿಯಾಗಿ ಅಂಗಡಿಯವರ ಕೈಯಲ್ಲಿದೆ. ಹೀಗೆ ಒಂದೇ ಛಾವಣಿಯ ಕೆಳಗೆ ಕೊಟ್ಟದ್ದೂ ಮಾರಿದ್ದೂ ಬೆರೆತಿವೆ. ಪ್ರಯಾಣಿಕನಿಗೆ ದಾರಿ ತೋರುವ ಕೈಪಿಡಿಗಳು ಇವೆರಡನ್ನೂ ಸೌಕರ್ಯವೆಂಬ ಒಂದೇ ತಲೆಬರಹದಡಿ ಬರೆಯುವುದರಿಂದ ಅವುಗಳ ನಡುವಿನ ಗೆರೆ ಓದುಗನ ಕಣ್ಣಿಗೆ ಬೀಳುವುದಿಲ್ಲ. ಧರ್ಮವಿಚಾರ ಶುರುವಾಗಬೇಕಾದದ್ದು ಆ ಗೆರೆಯಿಂದಲೇ.

ಮೊದಲಿಗೆ ಎದ್ದು ಕಾಣುವುದು ಆವಾಹನದ ಅಭಾವ. ನಿಲ್ದಾಣಕ್ಕೆ ಬಂದವನನ್ನು ಅಲ್ಲಿ ಯಾರೂ ಕರೆದಿಲ್ಲ. ಅವನು ಟಿಕೆಟ್ ಕೊಂಡು ಬಂದಿದ್ದಾನೆ. ‘ಅತಿಥಿ’ ಎಂಬ ಪದಕ್ಕೆ ಪ್ರಸಿದ್ಧವಾಗಿರುವ ಎರಡು ನಿರುಕ್ತಿಗಳಲ್ಲಿ ಒಂದರಂತೆ ತಿಥಿಯಿಲ್ಲದೆ, ಅಂದರೆ ಇಂಥ ದಿನ ಬರುತ್ತೇನೆಂದು ಹೇಳದೆ, ಬಂದವನು ಅತಿಥಿ. ಮನುಸ್ಮೃತಿ ಹೇಳುವ ಇನ್ನೊಂದರಂತೆ ಒಂದು ರಾತ್ರಿ ಮಾತ್ರ ತಂಗುವವನು, ನಿಲುಗಡೆ ನಿತ್ಯವಲ್ಲದವನು ಅತಿಥಿ. ಎರಡನೆಯ ಅರ್ಥದಲ್ಲಿ ವಿಮಾನಯಾತ್ರಿಕನಷ್ಟು ಸರಿಯಾದ ಅತಿಥಿ ಬೇರೊಬ್ಬನಿಲ್ಲ, ಏಕೆಂದರೆ ಅಲ್ಲಿ ನಿಲ್ಲುವುದಕ್ಕೆಂದು ಯಾರೂ ಬರುವುದಿಲ್ಲ. ಮೊದಲನೆಯ ಅರ್ಥದಲ್ಲಾದರೆ ಅವನು ಅತಿಥಿಯೇ ಅಲ್ಲ. ಅವನ ಬರುವಿಕೆಯ ದಿನ, ಗಂಟೆ, ನಿಮಿಷ, ಕುಳಿತುಕೊಳ್ಳುವ ಸಾಲು, ಹೊರಡುವ ಬಾಗಿಲಿನ ಸಂಖ್ಯೆ ಎಲ್ಲವೂ ಮೊದಲೇ ಬರೆದಿಟ್ಟದ್ದು. ಜಗತ್ತಿನಲ್ಲಿ ಇಷ್ಟು ಕರಾರುವಾಕ್ಕಾದ ತಿಥಿಯನ್ನು ಕೈಯಲ್ಲಿ ಹಿಡಿದು ಬರುವ ಪಯಣಿಗ ಹಿಂದೆಂದೂ ಇರಲಿಲ್ಲ. ಆದರೆ ಫಲಕದ ಮೇಲೆ ಅವನ ವಿಮಾನದ ಹೆಸರಿನ ಮುಂದೆ ವಿಳಂಬವೆಂಬ ಅಕ್ಷರಗಳು ಮೂಡಿದ ಗಳಿಗೆಯಲ್ಲಿ ಆ ತಿಥಿ ಅಳಿಸಿಹೋಗುತ್ತದೆ, ಯಾವಾಗ ಹೊರಡುವೆನೆಂದು ಅವನೂ ಹೇಳಲಾರ, ಇತರರೂ ಹೇಳಲಾರರು. ಪದದ ಪೂರ್ಣಾರ್ಥದಲ್ಲಿ ಅವನು ಅತಿಥಿಯಾಗುವುದು ಆಗಲೇ; ನಿಲ್ದಾಣವೊಂದರ ಅತಿಥಿಧರ್ಮ ಪರೀಕ್ಷೆಗೆ ಒಳಗಾಗುವುದೂ ಆಗಲೇ.

ಕರೆಯುವವನಿಲ್ಲದಿರುವುದು ದೋಷವೆಂದು ಒಮ್ಮೆಗೇ ತೀರ್ಮಾನಿಸುವುದಕ್ಕೂ ಬರುವುದಿಲ್ಲ. ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಕ್ ಓಜೆ 1992ರ ತಮ್ಮ ಗ್ರಂಥದಲ್ಲಿ ವಿಮಾನನಿಲ್ದಾಣ, ಹೆದ್ದಾರಿ, ದೊಡ್ಡ ಅಂಗಡಿಗಳಂಥವನ್ನು ‘ತಾಣವಲ್ಲದ ತಾಣ’ಗಳೆಂದು ಕರೆದರು, ಅಲ್ಲಿ ಮನುಷ್ಯನಿಗೆ ಹೆಸರಿದ್ದರೂ ಸಂಬಂಧವಿಲ್ಲ, ನೆನಪಿಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಸತ್ಯವಿದೆ. ಆದರೆ ಭಾರತೀಯ ದಾನಮೀಮಾಂಸೆ ಕೊಡುವವನ ಮುಖ ಕಾಣದಿರುವುದನ್ನು ಕೊರತೆಯೆಂದಲ್ಲ, ಗುಣವೆಂದೇ ಎಣಿಸಿದೆ. ಧರ್ಮಶಾಸ್ತ್ರಕಾರರು ಇಷ್ಟ ಮತ್ತು ಪೂರ್ತ ಎಂದು ಎರಡು ಬಗೆಯ ಪುಣ್ಯಕರ್ಮಗಳನ್ನು ಹೇಳುತ್ತಾರೆ: ಇಷ್ಟವೆಂದರೆ ಯಜ್ಞಯಾಗಗಳು, ಪೂರ್ತವೆಂದರೆ ಕೆರೆ, ಬಾವಿ, ಛತ್ರ, ತೋಪು, ಅರವಟ್ಟಿಗೆಗಳಂಥ ಲೋಕೋಪಯೋಗಿ ಕಾರ್ಯಗಳು. ಪೂರ್ತವನ್ನು ವಿವರಿಸುವಾಗ ಅವರು ದಾನಕ್ಕೂ ಉತ್ಸರ್ಗಕ್ಕೂ ಸೂಕ್ಷ್ಮವಾದ ಭೇದವನ್ನು ಮಾಡುತ್ತಾರೆ. ದಾನದಲ್ಲಿ ಇಂಥವನೇ ಎಂಬ ಪ್ರತಿಗ್ರಾಹಿ, ಅಂದರೆ ಸ್ವೀಕರಿಸುವವನು, ಇರಬೇಕು. ಉತ್ಸರ್ಗದಲ್ಲಿ ಕಟ್ಟಿಸಿದವನು ತನ್ನ ಒಡೆತನವನ್ನು ಸಕಲ ಜೀವಿಗಳ ಸಲುವಾಗಿ ಬಿಟ್ಟುಕೊಡುತ್ತಾನೆಯೇ ಹೊರತು ಯಾರ ಕೈಗೂ ಇಡುವುದಿಲ್ಲ. ಹಾಗೆ ಬಿಟ್ಟುಕೊಟ್ಟ ಕೆರೆಯ ನೀರನ್ನು ಅವನೂ ಕುಡಿಯಬಹುದು, ಆದರೆ ಒಡೆಯನಾಗಿ ಅಲ್ಲ, ಊರವರಲ್ಲಿ ಒಬ್ಬನಾಗಿ.

ವಚನಕಾರರ ದಾಸೋಹದ ಕಲ್ಪನೆ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಟ್ಟೆನೆಂಬ ಅಹಂ ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನೇ ತನ್ನನ್ನು ದಾಸನೆಂದು ತಿಳಿಯುವುದರಿಂದ ಆ ಅಹಂಕಾರಕ್ಕೆ ಎಡೆಯಿಲ್ಲ. ಈ ದೃಷ್ಟಿಯಿಂದ ನೋಡಿದರೆ ಮುಖವಿಲ್ಲದ ನಿಲ್ದಾಣದ ನೀರಿನ ನಲ್ಲಿಯ ಬಳಿ ಕುಡಿಯುವವನು ಯಾರಿಗೂ ತಲೆಬಾಗಬೇಕಿಲ್ಲ, ತನ್ನ ಜಾತಿ, ಮತ, ದೇಶವನ್ನೂ ಹೇಳಬೇಕಿಲ್ಲ. ಛತ್ರಗಳಲ್ಲಿ ಪಂಕ್ತಿಭೇದವಿದ್ದ ನಾಡಿನಲ್ಲಿ, ಬಾವಿಯ ಕಟ್ಟೆಯನ್ನು ಹತ್ತಲು ಬಿಡದೆ ಜನರನ್ನು ದೂರ ನಿಲ್ಲಿಸಿದ ನಾಡಿನಲ್ಲಿ ಇದನ್ನು ಅಲ್ಪವೆನ್ನಲಾಗದು. ಹಳೆಯ ಆತಿಥ್ಯವನ್ನು ಹೊಗಳಿ ಹೊಸ ಸೌಕರ್ಯವನ್ನು ಹಳಿಯುವವರು, ಆ ಆತಿಥ್ಯ ಯಾರ ಪಾಲಿಗೆ ಇತ್ತು, ಯಾರ ಪಾಲಿಗೆ ಇರಲಿಲ್ಲ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಆದರೂ ದಾಸೋಹದಲ್ಲಿ ಅಹಂಕಾರ ಕರಗಿರುತ್ತದೆ, ಯಂತ್ರದಲ್ಲಿ ಅದು ಹುಟ್ಟಿಯೇ ಇರುವುದಿಲ್ಲ. ಇವೆರಡೂ ಒಂದೇ ಅಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಇದಕ್ಕೆ ಉತ್ತರ ಹುಡುಕುವಾಗ ಅಶೋಕನ ಏಳನೆಯ ಸ್ತಂಭಶಾಸನ ನೆರವಿಗೆ ಬರುತ್ತದೆ. ಈಗ ದೆಹಲಿಯಲ್ಲಿರುವ, ಮೊದಲು ತೋಪ್ರಾದಲ್ಲಿದ್ದ ಕಂಬದ ಮೇಲೆ ಮಾತ್ರ ಕಾಣುವ ಆ ಶಾಸನದಲ್ಲಿ, ದಾರಿಗಳ ಬದಿಯಲ್ಲಿ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದ, ಮಾವಿನ ತೋಪುಗಳನ್ನು ಬೆಳೆಸಿದ, ಗೊತ್ತಾದ ಅಂತರಕ್ಕೊಂದರಂತೆ ಬಾವಿ ತೋಡಿಸಿದ, ತಂಗುಮನೆ ಮತ್ತು ಅರವಟ್ಟಿಗೆಗಳನ್ನು ಏರ್ಪಡಿಸಿದ ವಿವರವಿದೆ. ಇಷ್ಟು ಹೇಳಿದ ಮೇಲೆ ದೊರೆ, ಈ ಸುಖಗಳು ಅಲ್ಪವಾದವು, ಹಿಂದಿನ ಅರಸರೂ ಇಂಥವನ್ನು ಒದಗಿಸಿದ್ದರು, ತಾನು ಇವನ್ನು ಮಾಡಿದ್ದು ಜನರು ಧರ್ಮದಂತೆ ನಡೆಯಲಿ ಎಂಬುದಕ್ಕಾಗಿ ಎಂಬ ಆಶಯದ ಮಾತನ್ನು ಸೇರಿಸುತ್ತಾನೆ. ಬೆಲೆಬಾಳುವ ಮಾತು ಇದು. ಸೌಕರ್ಯ ತನ್ನಷ್ಟಕ್ಕೆ ಧರ್ಮವಲ್ಲ, ಆದರೆ ಧರ್ಮಕ್ಕೆ ದಾರಿ ಬಿಡಿಸಿಕೊಡುವ ಸಾಮರ್ಥ್ಯ ಅದಕ್ಕಿದೆ. ನೆರಳಿನಲ್ಲಿ ಕುಳಿತವನು ಪಕ್ಕದವನಿಗೆ ಸರಿದು ಜಾಗ ಕೊಡಬಲ್ಲ; ಬಿಸಿಲಲ್ಲಿ ಬೇಯುವವನಿಂದ ಅದನ್ನು ನಿರೀಕ್ಷಿಸುವುದು ಕಷ್ಟ.

ಇನ್ನೊಂದು ಆಕ್ಷೇಪ ಹಣದ್ದು. ನಿಲ್ದಾಣದ ಉಚಿತ ಸೌಕರ್ಯ ನಿಜವಾಗಿ ಉಚಿತವಲ್ಲ, ಟಿಕೆಟ್ಟಿನ ಬೆಲೆಯೊಳಗೆ ಸೇರಿದ ಶುಲ್ಕದಿಂದಲೂ ಅಂಗಡಿಗಳ ಬಾಡಿಗೆಯಿಂದಲೂ ಅದು ನಡೆಯುತ್ತದೆ, ಆದ್ದರಿಂದ ಅದು ವ್ಯಾಪಾರವೇ ಹೊರತು ಧರ್ಮವಲ್ಲ ಎನ್ನುವವರಿದ್ದಾರೆ. ಬೆಂಗಳೂರಿನ ರೈಲುನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು 1897ರಲ್ಲಿ ಸ್ಥಾಪಿಸಿದ ಧರ್ಮಛತ್ರ ರೈಲಿನ ಯುಗಕ್ಕೆ ನಮ್ಮ ನಾಡು ಕೊಟ್ಟ ಉತ್ತರವಾಗಿತ್ತು. ಅಲ್ಲಿ ವ್ಯಾಪಾರಿಯೊಬ್ಬರು ದುಡಿದ ಹಣ ದಾರಿಹೋಕರ ಪಾಲಾಯಿತು. ವಿಮಾನಯುಗದಲ್ಲಿ ಅಂಥ ಒಬ್ಬ ದಾನಿಯ ಜಾಗದಲ್ಲಿ ಲಕ್ಷಾಂತರ ಪ್ರಯಾಣಿಕರ ಸಣ್ಣಸಣ್ಣ ಪಾಲುಗಳಿವೆ. ಹೆಚ್ಚು ಕೊಂಡವನ ಹಣದಿಂದ ಏನೂ ಕೊಳ್ಳದವನ ನೀರು, ನೆರಳು, ಕುರ್ಚಿ ನಡೆಯುತ್ತದೆ. ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಪರಿಚಯವಿಲ್ಲ, ಕೊಟ್ಟವನಿಗೆ ಕೊಟ್ಟೆನೆಂಬ ಅರಿವೂ ಇಲ್ಲ. ಉದ್ದೇಶವಿಲ್ಲದ್ದನ್ನು ಪುಣ್ಯವೆನ್ನಲು ಧರ್ಮಶಾಸ್ತ್ರ ಒಪ್ಪದಿರಬಹುದು. ಆದರೆ ಉದ್ದೇಶವನ್ನು ಹೊತ್ತವರು ಬೇರೆ ಇದ್ದಾರೆ: ಯಾವುದನ್ನು ಮಾರಬೇಕು, ಯಾವುದನ್ನು ಮಾರಬಾರದು ಎಂದು ನಕ್ಷೆ ಬರೆಯುವ ಹೊತ್ತಿಗೇ ತೀರ್ಮಾನಿಸಿದವರು. ಉತ್ಸರ್ಗದ ಸಂಕಲ್ಪ ನಡೆಯುವುದು ಆ ಮೇಜಿನ ಸುತ್ತ. ನೀರು ಮಾರುವ ಅಂಗಡಿಯ ಪಕ್ಕದಲ್ಲೇ ನೀರು ಕೊಡುವ ನಲ್ಲಿಯನ್ನು ಇಡಲು ಒಪ್ಪಿದವನು, ತನಗೆ ಆ ಪದ ಗೊತ್ತಿರಲಿ ಬಿಡಲಿ, ಪೂರ್ತಧರ್ಮವನ್ನೇ ಆಚರಿಸಿದ್ದಾನೆ.

ಪ್ರಾರ್ಥನೆಯ ಕೋಣೆಯ ವಿಚಾರ ಇವೆಲ್ಲಕ್ಕಿಂತ ಆಳವಾದದ್ದು. ಅಮೆರಿಕದ ಬಾಸ್ಟನ್ ನಗರದ ಲೋಗನ್ ವಿಮಾನನಿಲ್ದಾಣದಲ್ಲಿ 1951ರಲ್ಲಿ ತೆರೆದ ಕ್ಯಾಥಲಿಕ್ ಪ್ರಾರ್ಥನಾಮಂದಿರವನ್ನು ಇಂಥವುಗಳಲ್ಲಿ ಮೊದಲಿನದೆಂದು ಗಣಿಸಲಾಗುತ್ತದೆ. ಅಲ್ಲಿ ರಾತ್ರಿಹಗಲು ಪಾಳಿಯಲ್ಲಿ ದುಡಿಯುವ ಕಾರ್ಮಿಕರ ಅಗತ್ಯವೇ ಅದರ ಹುಟ್ಟಿಗೆ ಮುಖ್ಯ ಕಾರಣವಾಗಿತ್ತು. ಮುಂದೆ ನ್ಯೂಯಾರ್ಕಿನ ನಿಲ್ದಾಣದಲ್ಲಿ ಕ್ಯಾಥಲಿಕ್, ಪ್ರಾಟೆಸ್ಟಂಟ್, ಯಹೂದಿ ಮತಗಳಿಗೆ ಬೇರೆಬೇರೆಯಾದ ಮೂರು ಮಂದಿರಗಳು ಒಂದೇ ಸಾಲಿನಲ್ಲಿ ನಿಂತವು. ಆಮೇಲಿನ ದಶಕಗಳಲ್ಲಿ ಪ್ರಯಾಣಿಕರ ಮತಗಳು ಹೆಚ್ಚಾದಂತೆ ಪ್ರತಿಯೊಂದಕ್ಕೂ ಒಂದೊಂದು ಕಟ್ಟಡ ಕಟ್ಟುವುದು ಅಸಾಧ್ಯವಾಗಿ, ಎಲ್ಲರಿಗೂ ಒಂದೇ ಕೋಣೆ ಎಂಬ ಪದ್ಧತಿ ಹಬ್ಬಿತು. ಚಾಂಗಿಯಲ್ಲಿಯೂ ಟರ್ಮಿನಲ್‌ಗಳ ಪ್ರಾರ್ಥನಾಕೋಣೆಗಳು ಎಲ್ಲ ಮತದವರಿಗೂ ತೆರೆದಿವೆ. ಇಂಥ ಕೋಣೆಗಳ ಗೋಡೆಗಳ ಮೇಲೆ ಸಾಮಾನ್ಯವಾಗಿ ಮೂರ್ತಿಯಿಲ್ಲ, ಶಿಲುಬೆಯಿಲ್ಲ. ಬಹುಪಾಲು ಕಡೆ ಮೆಕ್ಕಾದ ದಿಕ್ಕನ್ನು, ಅಂದರೆ ಕಿಬ್ಲಾವನ್ನು, ತೋರುವ ಒಂದು ಗುರುತು ಮಾತ್ರ ಇರುತ್ತದೆ.

ಈ ಬರಿದಾದ ಗೋಡೆಯ ಅರ್ಥವೇನು? ಎಲ್ಲರಿಗೂ ಸಲ್ಲಬೇಕೆಂದು ಎಲ್ಲರ ಚಿಹ್ನೆಗಳನ್ನೂ ತೆಗೆದಮೇಲೆ ಉಳಿಯುವುದು ಪವಿತ್ರವೋ ಶೂನ್ಯವೋ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯ. ಸಗುಣೋಪಾಸಕನಿಗೆ, ಅಂದರೆ ಹೆಸರು ರೂಪಗಳುಳ್ಳ ದೇವರನ್ನು ನಂಬಿದವನಿಗೆ, ಅದು ಗರ್ಭಗುಡಿಯಿಲ್ಲದ ಗುಡಿಯಂತೆ ಕಾಣುತ್ತದೆ. ಅಂಗೈಯ ಇಷ್ಟಲಿಂಗವನ್ನು ಪೂಜಿಸುವವನಿಗಾದರೋ ಇದರಲ್ಲಿ ಹೊಸತೇನೂ ಇಲ್ಲ. ಅವನ ದೇವರು ಮೈಮೇಲೆಯೇ ಇರುವುದರಿಂದ ಕೋಣೆ ಬರಿದಾಗಿದ್ದಷ್ಟೂ ಅನುಕೂಲ. ಸ್ಥಾವರ ಎಂದರೆ ನಿಂತದ್ದು, ಜಂಗಮ ಎಂದರೆ ಚಲಿಸುವುದು. ಹನ್ನೆರಡನೆಯ ಶತಮಾನದ ಶರಣರು ಜಂಗಮಕ್ಕೆ ಕೊಟ್ಟ ಹಿರಿಮೆಯನ್ನು ನೆನೆದರೆ, ಮನುಷ್ಯರೆಲ್ಲ ಚಲಿಸುತ್ತಲೇ ಇರುವ ಜಾಗದಲ್ಲಿ ದೇವರನ್ನು ಹೊತ್ತು ತರುವ ಹೊಣೆ ಬಂದವನದೇ ಆಗುವುದು ಸಹಜವೇ ಎನಿಸುತ್ತದೆ. ಮತಗಳು ತಾವೇ ಪಯಣಿಗನಿಗೆ ವಿನಾಯಿತಿಗಳನ್ನು ಕೊಟ್ಟಿರುವುದೂ ಗಮನಾರ್ಹ: ಇಸ್ಲಾಮಿನಲ್ಲಿ ದೂರಪ್ರಯಾಣದಲ್ಲಿರುವವನು ನಾಲ್ಕು ರಕಾತ್‌ಗಳ ನಮಾಜನ್ನು ಎರಡಕ್ಕೆ ಇಳಿಸಬಹುದು, ಸ್ಮೃತಿಗಳು ದಾರಿಯಲ್ಲಿರುವವನಿಗೆ ಶೌಚಾದಿ ನಿಯಮಗಳನ್ನು ಸಡಿಲಿಸುತ್ತವೆ. ವಿಮಾನದಲ್ಲಿ ಸೂರ್ಯನ ಜೊತೆಜೊತೆಗೆ ಪಶ್ಚಿಮಕ್ಕೆ ಹಾರುವವನಿಗೆ ಸಂಜೆ ಎಷ್ಟು ಹೊತ್ತಿಗೆ ಬಂತು, ಸಂಧ್ಯಾವಂದನೆ ಯಾವ ಊರಿನ ಹೊತ್ತಿಗೆ ಸಲ್ಲಬೇಕು ಎಂಬುದು ಹಳೆಯ ಶಾಸ್ತ್ರಕಾರರು ಎದುರಿಸದಿದ್ದ ಪ್ರಶ್ನೆಯಾದರೂ, ವಿನಾಯಿತಿಯ ಮನೋಧರ್ಮ ಅವರಲ್ಲಿ ಇತ್ತು. ಬರಿಗೋಡೆಯ ಕೋಣೆಯನ್ನು ಮತಗಳ ಸೋಲೆಂದು ಭಾವಿಸಬೇಕಾಗಿಲ್ಲ. ಒಬ್ಬನು ಮಂಡಿಯೂರಿ ಎದ್ದ ಜಾಗದಲ್ಲೇ ಇನ್ನೊಬ್ಬನು ಪದ್ಮಾಸನ ಹಾಕಿ ಕೂರುವುದು, ಇಬ್ಬರೂ ಒಬ್ಬರಿಗೊಬ್ಬರು ಸದ್ದು ಮಾಡದೆ ಬಾಗಿಲು ಮುಚ್ಚಿ ಹೋಗುವುದು, ಊರುಗಳಲ್ಲಿ ಇಂದಿಗೂ ಸುಲಭವಾಗಿ ಕಾಣಸಿಗುವ ದೃಶ್ಯವಲ್ಲ.

ಆತಿಥ್ಯ ಪ್ರೀತಿಯಿಂದ ಕೊಡುವ ಕಾಣಿಕೆಯೋ, ತೀರಿಸಲೇಬೇಕಾದ ಋಣವೋ ಎಂಬ ತಿರುಳಿನ ಪ್ರಶ್ನೆಗೆ ಭಾರತೀಯ ಪರಂಪರೆಯಲ್ಲಿ ಅತ್ಯಂತ ನಿಖರವಾದ ಉತ್ತರ ಕಠೋಪನಿಷತ್ತಿನ ಕಥೆಯಲ್ಲಿದೆ. ತಂದೆಯ ಮಾತಿನಂತೆ ಯಮನ ಮನೆಗೆ ಹೋದ ನಚಿಕೇತನೆಂಬ ಹುಡುಗ ಯಮನು ಮನೆಯಲ್ಲಿಲ್ಲದ ಕಾರಣ ಮೂರು ರಾತ್ರಿ ಅನ್ನವಿಲ್ಲದೆ ಕಾದ. ಮರಳಿ ಬಂದ ಯಮನಿಗೆ ಮೊದಲು ಹೇಳಲಾದದ್ದು ಅತಿಥಿ ಬೆಂಕಿಯಂತೆ ಮನೆಯನ್ನು ಹೊಕ್ಕಿದ್ದಾನೆ, ಅವನನ್ನು ಶಾಂತಗೊಳಿಸಲು ನೀರು ತರಬೇಕು ಎಂದು. ಹುಡುಗ ಕಾದ ಮೂರು ರಾತ್ರಿಗಳಿಗೆ ಯಮ ಲೆಕ್ಕ ಹಾಕಿ, ರಾತ್ರಿಗೊಂದರಂತೆ ಮೂರು ವರಗಳನ್ನು ಕೊಟ್ಟ. ತಂದೆಯ ಸಿಟ್ಟು ತಣಿಯುವುದು ಒಂದು, ಅಗ್ನಿವಿದ್ಯೆ ಇನ್ನೊಂದು, ಸಾವಿನ ಆಚೆ ಏನಿದೆ ಎಂಬ ಅರಿವು ಮೂರನೆಯದು. ಬ್ರಹ್ಮವಿದ್ಯೆಯ ಒಂದು ಮಹಾಗ್ರಂಥ ತೆರೆದುಕೊಳ್ಳುವುದೇ ಕಾಯಿಸಿದ್ದಕ್ಕೆ ಕೊಟ್ಟ ಪರಿಹಾರದಿಂದ ಎಂಬುದನ್ನು ವ್ಯಾಖ್ಯಾನಕಾರರು ಅಷ್ಟಾಗಿ ಎತ್ತಿಹಿಡಿದಿಲ್ಲ. ಅದಕ್ಕಿಂತ ಮಿಗಿಲಾದದ್ದು ಇನ್ನೊಂದಿದೆ: ಯಮ ತಪ್ಪೇನೂ ಮಾಡಿರಲಿಲ್ಲ. ಅವನು ಬೇರೆಡೆ ಹೋಗಿದ್ದ, ಹುಡುಗ ಬರುವನೆಂಬ ಸೂಚನೆ ಅವನಿಗಿರಲಿಲ್ಲ. ಆದರೂ ತನ್ನ ಹೊಸ್ತಿಲಲ್ಲಿ ಒಬ್ಬನು ಕಾದನೆಂಬ ಒಂದೇ ಕಾರಣಕ್ಕೆ ಅವನು ಋಣಿಯಾದ.

ಆಧುನಿಕ ಕಾನೂನು ಇದೇ ನೆಲೆಗೆ ಬಂದು ತಲುಪಿರುವುದು ಕುತೂಹಲಕರವಾಗಿದೆ. ಯುರೋಪಿನ ಒಕ್ಕೂಟದ 2004ರ 261ನೆಯ ನಿಯಮಾವಳಿ, ವಿಮಾನ ತಡವಾಗಿ ಕಾಯುವವನಿಗೆ ಊಟ ಉಪಾಹಾರ, ಮನೆಗೆ ಸುದ್ದಿ ತಿಳಿಸುವ ಅನುಕೂಲ, ರಾತ್ರಿ ಉಳಿಯಬೇಕಾದರೆ ವಸತಿ ಕೊಡಬೇಕೆಂದು ಹೇಳುತ್ತದೆ. ವಿಮಾನ ರದ್ದಾದರೆ ದೂರಕ್ಕೆ ತಕ್ಕಂತೆ 250, 400 ಅಥವಾ 600 ಯೂರೊ ಪರಿಹಾರವನ್ನೂ ಗೊತ್ತುಪಡಿಸುತ್ತದೆ. ಅಸಾಧಾರಣ ಸಂದರ್ಭಗಳಲ್ಲಿ ವಿಮಾನಸಂಸ್ಥೆಗೆ ಪರಿಹಾರಧನದಿಂದ ಮಾತ್ರ ವಿನಾಯಿತಿಯಿದೆ. 2010ರ ಏಪ್ರಿಲಿನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದಾಗಿ ಯುರೋಪಿನ ಆಕಾಶವೇ ಮುಚ್ಚಿ ಲಕ್ಷಾಂತರ ಜನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಾಗ, ಇದು ದೈವದ ಕೃತ್ಯ, ನಮ್ಮ ಹೊಣೆಯಲ್ಲ ಎಂಬ ವಾದ ಕೇಳಿಬಂತು. ಯುರೋಪಿನ ನ್ಯಾಯಾಲಯ 2013ರಲ್ಲಿ ಕೊಟ್ಟ ತೀರ್ಪಿನಲ್ಲಿ, ಪ್ರಯಾಣಿಕನನ್ನು ನೋಡಿಕೊಳ್ಳುವ ಹೊಣೆಗೆ ಜ್ವಾಲಾಮುಖಿಯೂ ವಿನಾಯಿತಿ ತಂದುಕೊಡುವುದಿಲ್ಲ ಎಂಬ ನಿಲುವನ್ನು ತಾಳಿತು. ಯಮನ ಹೊಸ್ತಿಲಿನ ನ್ಯಾಯವೂ ಇದೇ: ಋಣ ಹುಟ್ಟುವುದು ತಪ್ಪಿನಿಂದಲ್ಲ, ಕಾಯುವಿಕೆಯಿಂದ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಲ್ಲೂ ಕಾಯುವವನ ಊಟಕ್ಕೂ ದೀರ್ಘ ವಿಳಂಬದಲ್ಲಿ ವಸತಿಗೂ ಅವಕಾಶವಿದೆ; ಅದನ್ನು ತಿಳಿದು ಕೇಳುವ ಪ್ರಯಾಣಿಕರು ಮಾತ್ರ ಕಡಿಮೆ. ಕೇಳುವುದನ್ನು ಬೇಡುವುದೆಂದು ನಾಚುವ ಸ್ವಭಾವ ಇದಕ್ಕೆ ಕಾರಣವಿರಬಹುದು. ಆದರೆ ಋಣವನ್ನು ಕೇಳುವವನು ಬೇಡುವವನಲ್ಲ.

ಈ ಋಣದ ತತ್ತ್ವವನ್ನು ನೀರಿಗೆ ಅನ್ವಯಿಸಿ ನೋಡಿದರೆ ಅದರ ಬಲ ಇನ್ನೂ ಸ್ಪಷ್ಟವಾಗುತ್ತದೆ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವಸ್ಫೋಟಕದಿಂದ ಉರುಳಿಸುವ ಸಂಚು ಬಯಲಾದ ಮೇಲೆ, 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವದ ಪಾತ್ರೆಯನ್ನು ತಪಾಸಣೆ ದಾಟಿಸಬಾರದೆಂಬ ನಿಯಮ ಜಗತ್ತಿನ ಬಹುಭಾಗದಲ್ಲಿ ಜಾರಿಗೆ ಬಂತು. ಅಂದಿನಿಂದ ಅನೇಕ ನಿಲ್ದಾಣಗಳಲ್ಲಿ ಪ್ರಯಾಣಿಕನು ಮನೆಯಿಂದ ತಂದ ನೀರನ್ನು ಅಧಿಕಾರದ ಮಾತಿಗೆ ತಲೆಬಾಗಿ ಚೆಲ್ಲುತ್ತಾನೆ. ಎಲ್ಲರ ಪ್ರಾಣರಕ್ಷಣೆಗಾಗಿ ಮಾಡಿದ ಆ ನಿಯಮವನ್ನು ಅನ್ಯಾಯವೆನ್ನುವಂತಿಲ್ಲ. ಆದರೆ ಕುಡಿಯುವ ನೀರನ್ನು ಚೆಲ್ಲಿಸಿದ ವ್ಯವಸ್ಥೆ, ತಪಾಸಣೆಯ ಆಚೆಗೆ ಅದೇ ನೀರನ್ನು ಅಂಗಡಿಯಲ್ಲಿ ಹಲವುಪಟ್ಟು ಬೆಲೆಗೆ ಮಾತ್ರ ಸಿಗುವಂತೆ ಮಾಡಿದರೆ, ಅದು ಸೌಕರ್ಯದ ಕೊರತೆಯಲ್ಲ, ಋಣದ ನಿರಾಕರಣೆ. ಚಾಂಗಿಯ ಮೊದಲ ಮೂರು ಟರ್ಮಿನಲ್‌ಗಳಲ್ಲಿ ತಪಾಸಣೆ ಗೇಟಿನಲ್ಲೇ ಇರುವುದರಿಂದ ಶೀಷೆ ಬರಿದಾಗುವುದು ಕೊನೆಯ ಗಳಿಗೆಯಲ್ಲಿ. ಅಲ್ಲಿಗೆ ಹೋಗುವ ಪ್ರಯಾಣಿಕರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಇಷ್ಟಾದರೂ ನಿಲ್ದಾಣದ ಆತಿಥ್ಯಕ್ಕೆ ಒಂದು ಗೋಡೆಯಿದೆ, ಅದು ದೇಶದ ಗಡಿ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಕಿರುಗ್ರಂಥದಲ್ಲಿ, ಪರದೇಶದ ನೆಲಕ್ಕೆ ಬಂದವನಿಗೆ ಶತ್ರುವಿನಂತೆ ನಡೆಸಿಕೊಳ್ಳಲ್ಪಡದಿರುವ ಹಕ್ಕಿದೆ, ಆದರೆ ಅದು ಭೇಟಿಯ ಹಕ್ಕೇ ಹೊರತು ನೆಲೆಸುವ ಹಕ್ಕಲ್ಲ ಎಂದು ವಾದಿಸಿದ. ಭೂಮಿ ಗುಂಡಗಿದ್ದು ಅದರ ಮೇಲ್ಮೈ ಸೀಮಿತವಾದ್ದರಿಂದ ಮನುಷ್ಯರು ಕೊನೆಗೂ ಒಬ್ಬರನ್ನೊಬ್ಬರು ಸಹಿಸಲೇಬೇಕು ಎಂಬುದು ಅವನು ಕೊಟ್ಟ ಕಾರಣ. ಬದಲಿ ವಿಮಾನ ಹಿಡಿಯುವವರಿಗಾಗಿ ಇರುವ ಟ್ರಾನ್ಸಿಟ್ ವಲಯ ಕಾಂಟನ ವಾಕ್ಯಕ್ಕೆ ಗಾಜು ಕಬ್ಬಿಣಗಳಲ್ಲಿ ಕಟ್ಟಿದ ರೂಪದಂತಿದೆ. ಚಾಂಗಿಯಲ್ಲಿ ಜ್ಯುವೆಲ್ ಎಂಬ ಗಾಜಿನ ಗುಮ್ಮಟದೊಳಗೆ 2019ರಿಂದ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತಿದೆ, ಅದು ಕಟ್ಟಡದೊಳಗಿನ ಜಲಪಾತಗಳಲ್ಲೇ ಅತಿ ಎತ್ತರದ್ದು. ಆದರೆ ಜ್ಯುವೆಲ್ ಇರುವುದು ವಲಸೆ ತಪಾಸಣೆಯ ಆಚೆ. ಅಲ್ಲಿ ಕಾಲಿಡಲು ಸಿಂಗಾಪುರದೊಳಗೆ ಪ್ರವೇಶ ಸಿಗಬೇಕು, ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಸಾಮಾನ್ಯವಾಗಿ ಅದಕ್ಕೆ ವೀಸಾ ಬೇಕು. ಐದೂವರೆ ಗಂಟೆಗಿಂತ ಹೆಚ್ಚು ಹೊತ್ತು ಕಾಯುವವರಿಗೆ ನಗರವನ್ನು ಉಚಿತವಾಗಿ ತೋರಿಸುವ ಪ್ರವಾಸದ ಏರ್ಪಾಡು ಚಾಂಗಿಯಲ್ಲಿದೆ, ಅದಕ್ಕೂ ಇದೇ ಷರತ್ತು. ವೀಸಾ ಇಲ್ಲದವನಿಗೆ ಕಾಣಸಿಗುವುದು ಗಾಜಿನೊಳಗಿಂದ ಹಾದುಹೋಗುವ ಸ್ಕೈಟ್ರೈನಿನಿಂದ ಒಂದು ನೋಟ ಮಾತ್ರ.

ಗಡಿಯ ಈ ಕಟ್ಟು ಎಷ್ಟು ಕಠಿಣವಾಗಬಲ್ಲದು ಎಂಬುದಕ್ಕೆ ಇರಾನಿನ ಮೆಹ್ರಾನ್ ಕರೀಮಿ ನಾಸ್ಸೇರಿ ಎಂಬಾತನ ಬದುಕು ಸಾಕ್ಷಿ. ಕಾಗದಪತ್ರಗಳ ತೊಡಕಿನಿಂದ ಆತ 1988ರಿಂದ 2006ರವರೆಗೆ ಪ್ಯಾರಿಸಿನ ಶಾರ್ಲ್ ದ ಗೋಲ್ ನಿಲ್ದಾಣದ ಒಂದನೆಯ ಟರ್ಮಿನಲ್‌ನಲ್ಲಿ ದಿನ ಕಳೆದ, ಮುಂದೆ 2022ರಲ್ಲಿ ಅದೇ ನಿಲ್ದಾಣದಲ್ಲಿ ತೀರಿಕೊಂಡ. ಅವನಿಗೆ ಅಲ್ಲಿ ಬೆಳಕಿತ್ತು, ಬೆಂಚಿತ್ತು, ಶೌಚಾಲಯವಿತ್ತು. ಅಲ್ಲಿನ ನೌಕರರು ಊಟವನ್ನೂ ಕೊಟ್ಟರು. ಒಂದು ರಾತ್ರಿ ತಂಗುವವನಿಗೆ ಸಾಕಾಗುವ ಸೌಕರ್ಯ ಹದಿನೆಂಟು ವರ್ಷ ತಂಗಿದವನಿಗೆ ಸೆರೆಮನೆಯಾಯಿತು.

ಇದಕ್ಕೆ ವಿರುದ್ಧವಾದ ಚಿತ್ರ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಗ್ಯಾಂಡರ್ ಎಂಬ ಊರಿನದು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ 38 ಪ್ರಯಾಣಿಕ ವಿಮಾನಗಳು ಅಲ್ಲಿ ಇಳಿದವು. ಸುಮಾರು ಹತ್ತು ಸಾವಿರ ಜನರಿದ್ದ ಊರಿಗೆ ಸುಮಾರು 6,600 ಅಪರಿಚಿತರು ಬಂದರು. ಚಿಕ್ಕ ನಿಲ್ದಾಣದ ಸೌಕರ್ಯ ಅಷ್ಟು ಜನಕ್ಕೆ ಸಾಲುವುದು ಸಾಧ್ಯವೇ ಇರಲಿಲ್ಲ. ಗ್ಯಾಂಡರ್ ಮತ್ತು ಸುತ್ತಲ ಹಳ್ಳಿಗಳವರು ಶಾಲೆ, ಚರ್ಚು, ಮನೆಗಳನ್ನು ತೆರೆದು ಹಲವು ದಿನ ಅವರನ್ನು ಉಣ್ಣಿಸಿ ಮಲಗಿಸಿದರು. ಅಲ್ಲಿ ತಿಥಿಯಿಲ್ಲದೆ ಬಂದವರಿದ್ದರು, ಬಾಗಿಲು ತೆರೆದ ಮನೆಯವರಿದ್ದರು, ಅಶೋಕ ಬಯಸಿದ ಧರ್ಮಾಚರಣೆಯೂ ಇತ್ತು. ಸೌಕರ್ಯ ಮುಗಿದ ಜಾಗದಲ್ಲಿ ಉಪಚಾರ ಶುರುವಾಯಿತು ಎನ್ನುವುದಕ್ಕಿಂತ, ಸೌಕರ್ಯವೆಂಬುದು ಯಾವುದರ ಬದಲಿಗೆ ಬಂದಿದೆ ಎಂಬುದನ್ನು ಆ ಊರು ಜಗತ್ತಿಗೆ ನೆನಪಿಸಿತು ಎನ್ನುವುದು ಹೆಚ್ಚು ಸರಿ.

ಹಾಗಾದರೆ ಕರೆಯುವವನಿಲ್ಲದ ನಿಲ್ದಾಣದಲ್ಲಿ ಧರ್ಮವಿದೆಯೇ ಎಂಬ ಪ್ರಶ್ನೆಗೆ, ಇದೆ, ಆದರೆ ಅದು ಲೌಂಜುಗಳಲ್ಲಾಗಲಿ ಕಲಾಕೃತಿಗಳಲ್ಲಾಗಲಿ ಇಲ್ಲ ಎಂದೇ ಉತ್ತರಿಸಬೇಕು. ಅದು ಇರುವುದು ಏನನ್ನೂ ಕೊಳ್ಳಲಾರದೆ ಕಾಯುತ್ತಿರುವವನಿಗೆ ಕೇಳದೆ ಸಿಗುವ ಕೆಲವೇ ಸಂಗತಿಗಳಲ್ಲಿ: ಕುಡಿಯುವ ನೀರು, ಮೈಚಾಚಲು ಕೈತಡೆಯಿಲ್ಲದ ಬೆಂಚು, ಶುಚಿಯಾದ ಶೌಚಾಲಯ, ಹೊರೆ ಇಳಿಸಿ ತಳ್ಳಿಕೊಂಡು ಹೋಗಲು ಗಾಡಿ, ಕಣ್ಣುಮುಚ್ಚಿ ಕೂರಲು ಸದ್ದಿಲ್ಲದ ಒಂದು ಕೋಣೆ. ತಲೆಹೊರೆಯನ್ನು ಇನ್ನೊಬ್ಬರ ಕೈಯಾಸರೆಯಿಲ್ಲದೆ ಇಳಿಸಿ ಮತ್ತೆ ಹೊರುವುದಕ್ಕೆಂದು ಹಳೆಯ ದಾರಿಗಳ ಬದಿಯಲ್ಲಿ ಕಲ್ಲುಗಳನ್ನು ನೆಟ್ಟವರು ಯೋಚಿಸಿದ್ದು ಇಷ್ಟನ್ನೇ.

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನನಿಲ್ದಾಣ 2008ರ ಮೇ 24ರಂದು ಬಳಕೆಗೆ ಬಂತು, 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರಾಯಿತು, ಬಿದಿರು ಮತ್ತು ತೂಗುಹಸಿರಿನ ಅಲಂಕಾರದ ಎರಡನೆಯ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಕೆಂಪೇಗೌಡರು ಕೆರೆ ಕಟ್ಟಿಸಿದ ನಾಡಪ್ರಭು. ಅವರ ಹೆಸರಿನೊಂದಿಗೆ ನೆನೆಯುವ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಅದೇ ಹೆಸರಿನ ಬಸ್ ನಿಲ್ದಾಣವಿದೆ. ಅವರ ಹೆಸರನ್ನು ಹೊತ್ತ ಜಾಗದಲ್ಲಿ ತಪಾಸಣೆ ದಾಟಿ ಬಂದವನ ಕಣ್ಣಿಗೆ ಅಂಗಡಿಸಾಲು ಬೀಳುವ ಮೊದಲು ನೀರಿನ ನಲ್ಲಿ ಬೀಳುವಂತಿರಲಿ, ಅದರ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಕುಡಿಯುವ ನೀರು ಎಂದು ಬರೆದಿರಲಿ.